ಕೊನೆಯಲ್ಲಿ ನಡೆಯೋರು ಯಾರು?

ಅಮೆರಿಕದ ಅಪಲೇಚಿಯನ್ ಟ್ರೇಲ್ ಅನ್ನೋ ಕಾಲುಹಾದಿ ಪೂರ್ತಿ ನಡೆಯೋಕೆ ಐದರಿಂದ ಏಳು ತಿಂಗಳು ಬೇಕು. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇಯ್ನ್ ರಾಜ್ಯದ ಕಟಾಡಿನ್ ಬೆಟ್ಟದ ತನಕ 14 ರಾಜ್ಯ, 2,190 ಮೈಲಿಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ ಸುಮಾರು 3,500 ಕಿಲೋಮೀಟರ್. ಮನೆ ಸಾಲ, ಮಕ್ಕಳ ಶಾಲೆ, ಎಣಿಸಿ ಕೊಟ್ಟ ರಜೆ ಇರೋರಿಗೆ ಅದು ಆಗೋ ಮಾತಲ್ಲ. ಅಂಥವರು ಹಾದೀನ ತುಂಡು ಮಾಡ್ಕೊಂಡು, ಈ ವರ್ಷ ಇಷ್ಟು, ಮುಂದಿನ ವರ್ಷ ಅಷ್ಟು ಅಂತ ನಡೀತಾರೆ. ಸೆಕ್ಷನ್ ಹೈಕ್ ಅಂತಾರೆ ಅದಕ್ಕೆ. ನಾವು ಎಂಟು ಜನ ಕನ್ನಡದವರು ಮೇರಿಲ್ಯಾಂಡಿನ ತುಂಡು ನಡೆದ ಕಥೆ ಹೇಳಿ ಅಂತ ನೀವು ಆಗಿನಿಂದ ಕಾಡ್ತಾ ಇದ್ದೀರಿ. ಹೇಳ್ತೀನಿ. ಆದ್ರೆ ನಡೆದದ್ದಕ್ಕಿಂತ ಹೊರಡೋ ತಯಾರಿಯ ಕಥೆನೇ ದೊಡ್ಡದು. ಬೆಂಕಿಗೆ ಇನ್ನೆರಡು ಕಟ್ಟಿಗೆ ಹಾಕಿ.

ಮಾತು ಹುಟ್ಟಿದ್ದು ಯುಗಾದಿ ಊಟದ ಹೊತ್ತಲ್ಲಿ. ಹೋಳಿಗೆ ಮೇಲೆ ತುಪ್ಪ ಬಿದ್ದ ಮೇಲೆ ಮನುಷ್ಯರಿಗೆ ಇಲ್ಲದ ಧೈರ್ಯ ಬರುತ್ತೆ. ಆ ಹಾದಿಯಲ್ಲಿ ದೂರ ನಡೆಯೋರು ಬಹುಪಾಲು ಸ್ವಂತ ಹೆಸರಲ್ಲಿ ನಡೆಯಲ್ಲ, ಒಂದೊಂದು ಟ್ರೇಲ್ ಹೆಸರು ಇಟ್ಕೊಂಡಿರ್ತಾರೆ. ಹಾಗಾಗಿ ನಾನೂ ಯಾರ ಹೆಸರನ್ನೂ ಹೇಳಲ್ಲ, ಊರು ಹೇಳ್ತೀನಿ. ಮೊದಲು ಬಾಯಿ ಬಿಟ್ಟವನು ದಾವಣಗೆರೆ ಹುಡುಗ. ಮ್ಯಾರಥಾನ್ ಓಡೋನು, ಕೂತಲ್ಲಿ ಕೂರೋನಲ್ಲ. ಅವನ ಜೊತೆಗೆ ಅವನ ರೂಮಿನ ಮಂಗಳೂರು ಹುಡುಗ, ಅಡುಗೆಯಲ್ಲಿ ಎತ್ತಿದ ಕೈ. ಧಾರವಾಡದ ಡಾಕ್ಟರಮ್ಮ, ಅವರ ಹದಿನಾರು ವರ್ಷದ ಮಗಳು. ಸಾಗರದ ಅಕ್ಕ, ಅವರ ಯಜಮಾನರು. ಅವರನ್ನ ಎಲ್ಲರೂ ಭಾವ ಅಂತಲೇ ಕರೀತಿದ್ವಿ. ಮತ್ತೆ ನಾನು, ನಮ್ಮನೆಯವರು. ಹೀಗೆ ಎಂಟಾಯ್ತು. ಇನ್ನೂ ನಾಲ್ಕು ಜನ ಕೈ ಎತ್ತಿದ್ರು. ಆದ್ರೆ ರಾತ್ರಿ ತಂಗೋ ಗುಂಪು ಹತ್ತು ಜನಕ್ಕೆ ಮೀರಬಾರದು ಅನ್ನೋದು ಆ ಹಾದಿಯ ಬಹುತೇಕ ಕಡೆ ಇರೋ ನಿಯಮ. ಹೋಳಿಗೆ ಧೈರ್ಯ ಕರಗಿದ ಮೇಲೆ ಆ ನಾಲ್ವರೂ ತಾವಾಗೇ ಹಿಂದೆ ಸರಿದರು.

ಮೂಲೇಲಿ ಕೂತು ಇದನ್ನೆಲ್ಲ ಕೇಳಿಸ್ಕೊಳ್ತಿದ್ದವರು ನಮ್ಮ ಮಾವ. ಹಾಸನದ ಕಡೆಯವರು. ಆ ಸಲದ ಶಿವರಾತ್ರಿಗೂ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಬಂದು, ಆಮೇಲೆ ವಿಮಾನ ಹತ್ತಿದ್ದರು. 

"ಎಲ್ಲಿಗಮ್ಮಾ ನಡೆಯೋದು? ಕೊನೇಲಿ ಯಾವ ದೇವರು?" ಅಂದ್ರು.

"ದೇವರು ಯಾವುದೂ ಇಲ್ಲ ಮಾವ. ಪೆನ್‌ಮಾರ್ ಅನ್ನೋ ಕಡೆ ಶುರು, ಹಾರ್ಪರ್ಸ್ ಫೆರಿ ಅನ್ನೋ ಊರಲ್ಲಿ ಮುಗಿಯುತ್ತೆ."

"ದೇವರಿಲ್ಲದ ಪಾದಯಾತ್ರೆ," ಅಂತ ನಕ್ಕರು. "ಮತ್ತೆ ದಾರಿ ಮಾಡ್ಸಿದ್ದು ಯಾರು, ಸರ್ಕಾರನಾ?"

ಡಾಕ್ಟರಮ್ಮನ ಮಗಳು ಹೇಳಿದಳು. ಬೆಂಟನ್ ಮಕಾಯ್ ಅನ್ನೋರು 1921ರಲ್ಲಿ ಇಂಥದ್ದೊಂದು ಹಾದಿ ಆಗಬೇಕು ಅಂತ ಬರೆದ್ರಂತೆ. 1937ರ ಹೊತ್ತಿಗೆ ಹಾದಿ ಉದ್ದಕ್ಕೂ ಕೂಡಿಕೊಂಡಿತು. ಕಡಿದು, ಗುರುತು ಬಳಿದು, ಇವತ್ತಿಗೂ ಬಿದ್ದ ಮರ ಎತ್ತಿ ಹಾಕ್ತಿರೋರಲ್ಲಿ ಬಹುಪಾಲು ಸ್ವಯಂಸೇವಕರು. ನಮ್ಮ ಕಡೆಯ ಹಾದಿ ನೋಡ್ಕೊಳ್ಳೋ ಪೊಟೊಮ್ಯಾಕ್ ಕ್ಲಬ್ ಹುಟ್ಟಿದ್ದೇ 1927ರಲ್ಲಿ. ಮಾವ ತಲೆ ಆಡಿಸಿದರು. ದೇವರಿಲ್ಲದಿದ್ರೂ ಸೇವೆ ಇದೆ ಅನ್ನೋದು ಅವರಿಗೆ ಸಮಾಧಾನ ತಂದ ಹಾಗಿತ್ತು.

ಮೇರಿಲ್ಯಾಂಡೇ ಯಾಕೆ ಅಂತ ಕೇಳ್ತೀರಿ. ಒಂದು, ರಾಜ್ಯದ ಹಾದಿ ಒಟ್ಟು 41 ಮೈಲಿ ಅಷ್ಟೇ. ಒಂದು ರಾಜ್ಯ ಪೂರ್ತಿ ಮುಗಿಸಿದ್ವಿ ಅಂತ ಹೇಳ್ಕೋಬಹುದು. ಎರಡು, ಅದು ಸೌತ್ ಮೌಂಟನ್ ಅನ್ನೋ ಉದ್ದನೆ ಬೆಟ್ಟದ ಬೆನ್ನ ಮೇಲೇ ಹೋಗುತ್ತೆ. ಹತ್ತೋದು ಇಳಿಯೋದು ಇದ್ರೂ ಎದೆ ಒಡೆಯೋ ಏರು ಕಡಿಮೆ. ಮೂರನೆಯದೇ ಮುಖ್ಯ: ರಸ್ತೆಗಳು. ಹಾದಿ ಪದೇ ಪದೇ ರಸ್ತೆ ದಾಟುತ್ತೆ. 491, 77, 17, ಆಮೇಲೆ ಹೈವೇ 40, ಟರ್ನರ್ಸ್ ಗ್ಯಾಪ್, ಗ್ಯಾತ್‌ಲ್ಯಾಂಡ್, ವೆವರ್ಟನ್. ಯಾರಿಗಾದ್ರೂ ಆಗಲಿಲ್ಲ ಅಂದ್ರೆ ಕೆಲವು ಗಂಟೆ ನಡೆದರೆ ಕಾರು ಬಂದು ನಿಲ್ಲೋ ಜಾಗ ಸಿಗುತ್ತೆ. ಮೊದಲ ಸಲ ಗುಂಪು ಕಟ್ಟಿಕೊಂಡು ಹೊರಡೋರಿಗೆ ಸುಂದರ ಹಾದಿಗಿಂತ ಬಿಟ್ಟು ಬರಬಹುದಾದ ಹಾದಿ ಮುಖ್ಯ.

ನಮ್ಮನೆಯವರು ಅವತ್ತು ರಾತ್ರಿನೇ ಎಕ್ಸೆಲ್ ಶೀಟ್ ತೆರೆದರು. ಮೇ ತಿಂಗಳ ಕೊನೆಯ ಸೋಮವಾರದ ರಜೆಗೆ ಹಿಂದೆ ಮುಂದೆ ಒಂದೊಂದು ದಿನ ಸೇರಿಸಿ ಲೆಕ್ಕ ಹಾಕಿದರು. ಮೊದಲ ರಾತ್ರಿ ಎನ್‌ಸೈನ್ ಕೋವಾಲ್, ಎರಡನೆಯದು ಅನಾಪೊಲಿಸ್ ರಾಕ್, ಮೂರನೆಯದು ಡಾಲ್‌ಗ್ರೆನ್, ಕೊನೆಯದು ಕ್ರಾಂಪ್ಟನ್ ಗ್ಯಾಪ್. ಮೇರಿಲ್ಯಾಂಡಿನಲ್ಲಿ ಮನಸ್ಸು ಬಂದ ಕಡೆ ಟೆಂಟ್ ಹೊಡೆಯೋ ಹಾಗಿಲ್ಲ, ಗೊತ್ತು ಮಾಡಿದ ಜಾಗದಲ್ಲೇ ತಂಗಬೇಕು. ಮರದ ಮೂರು ಗೋಡೆಯ ಶೆಲ್ಟರ್‌ಗಳಿವೆ ನಿಜ, ಆದ್ರೆ ಗುಂಪಲ್ಲಿ ಬಂದವರು ಅದನ್ನ ಆಕ್ರಮಿಸಬಾರದು. ಒಂಟಿಯಾಗಿ ತಿಂಗಳುಗಟ್ಟಲೆ ನಡೆದು ಬರೋರಿಗೆ ಅದನ್ನ ಬಿಟ್ಟು ಟೆಂಟಲ್ಲಿ ಮಲಗೋದು ಮರ್ಯಾದೆ. ಗುಂಪಿನವರು ಯಾವ ರಾತ್ರಿ ಎಲ್ಲಿ ಇರ್ತೀವಿ ಅಂತ ಮೊದಲೇ ನೋಂದಾಯಿಸೋ ವ್ಯವಸ್ಥೆಯನ್ನ ಟ್ರೇಲ್ ನೋಡ್ಕೊಳ್ಳೋ ಸಂಸ್ಥೆ ಮಾಡಿದೆ. ಕಡ್ಡಾಯ ಅಲ್ಲ, ಆದ್ರೂ ಮಾಡಿದ್ವಿ.

ಶೀಟಿನಲ್ಲಿ ಏನಿರಲಿಲ್ಲ ಹೇಳಿ? ಮೈಲಿ, ನೀರು, ರಸ್ತೆ, ಆಸ್ಪತ್ರೆ, ಯಾರ ಬ್ಯಾಗಲ್ಲಿ ಏನು, ಎಲ್ಲಕ್ಕೂ ಒಂದೊಂದು ಕಾಲಮ್ಮು. ಮಾವ ಕನ್ನಡಕ ಹಾಕ್ಕೊಂಡು ಎಲ್ಲಾ ನೋಡಿ ಒಂದೇ ಪ್ರಶ್ನೆ ಕೇಳಿದರು: "ಕೊನೇಲಿ ಬರೋರು ಯಾರು?"

"ಬರೋರೆಲ್ಲ ಬಂದೇ ಬರ್ತಾರೆ ಅಂಕಲ್," ಅಂದ ದಾವಣಗೆರೆ ಹುಡುಗ. "ದಾರಿ ತುಂಬ ಮರದ ಮೇಲೆ ಬಿಳಿ ಗುರುತು ಇರುತ್ತೆ. ಎರಡು ಇಂಚು ಅಗಲ, ಆರು ಇಂಚು ಉದ್ದ. ಕಣ್ಣು ಮುಚ್ಚಿಕೊಂಡು ಹೋಗಬಹುದು."

ಮಾವ ಸುಮ್ಮನಾದರು. ನಾವೂ ಮುಂದಿನ ಕಾಲಮ್ಮಿಗೆ ಹೋದ್ವಿ.

ಬ್ಯಾಗ್ ತೂಗೋ ದಿನ ನಮ್ಮ ಗ್ಯಾರೇಜಲ್ಲಿ ಜಾತ್ರೆ. ಬಚ್ಚಲುಮನೆ ತಕ್ಕಡಿ ತಂದಿಟ್ಟಿದ್ವಿ. ಹೊರೋ ತೂಕ ನಮ್ಮ ಮೈತೂಕದ ಐದನೇ ಒಂದು ಭಾಗ ದಾಟಬಾರದು ಅನ್ನೋದು ಸಾಮಾನ್ಯ ಲೆಕ್ಕ. ಭಾವನ ಬ್ಯಾಗ್ 42 ಪೌಂಡ್ ತೋರಿಸ್ತು. ಒಳಗೆ ಕೈ ಹಾಕಿದ್ರೆ ಮೂರು ಲೀಟರಿನ ಪ್ರೆಶರ್ ಕುಕ್ಕರ್! ಅದರ ಕೆಳಗೆ ಜೀನ್ಸ್ ಪ್ಯಾಂಟು, ದಪ್ಪನೆ ಟರ್ಕಿ ಟವೆಲ್ಲು, ಸ್ಟೀಲ್ ಡಬ್ಬಿ.

"ಭಾವಾ, ಇದೇನಿದು?"

"ಬೆಟ್ಟದ ಮೇಲೆ ಬೇಳೆ ಬೇಯಲ್ಲಮ್ಮಾ."

"ಹಿಮಾಲಯಕ್ಕೆ ಹೊಂಟೀರೇನ್ರೀ?" ಅಂತ ಡಾಕ್ಟರಮ್ಮ ನಕ್ಕರು. ಮೇರಿಲ್ಯಾಂಡಿನ ಹಾದಿ ಎಲ್ಲೂ ಎರಡು ಸಾವಿರ ಅಡಿ ಮುಟ್ಟಲ್ಲ, ನಮ್ಮ ಬೆಂಗಳೂರೇ ಅದಕ್ಕಿಂತ ಎತ್ತರ. ಕುಕ್ಕರ್ ಹೊರಗೆ ಬಂತು. ಜೀನ್ಸಿಗೆ ಮಾತ್ರ ಜಗಳವೇ ಆಯ್ತು. ಹತ್ತಿ ಬಟ್ಟೆ ಒದ್ದೆಯಾದ್ರೆ ಬೇಗ ಒಣಗಲ್ಲ, ಮೈಯ ಬಿಸಿ ಹೀರುತ್ತೆ, ಮಳೆಗಾಳಿ ಸೇರಿದ್ರೆ ಮೇ ತಿಂಗಳಲ್ಲೂ ನಡುಕ ಹುಟ್ಟಿಸುತ್ತೆ. ಇದನ್ನ ಡಾಕ್ಟರಮ್ಮ ವೈದ್ಯರ ಧ್ವನಿಯಲ್ಲಿ ಹೇಳಿದ ಮೇಲೆ ಭಾವ ಒಪ್ಪಿದರು.

ಎಲ್ಲರಿಗಿಂತ ಹಗುರ ದಾವಣಗೆರೆ ಹುಡುಗನ ಬ್ಯಾಗ್, 14 ಪೌಂಡ್. ಹಲ್ಲುಜ್ಜೋ ಬ್ರಷ್ಷಿನ ಹಿಡಿಯನ್ನೂ ಅರ್ಧ ಕತ್ತರಿಸಿದ್ದ. ನಮಗೆಲ್ಲ ಎಮಾ ಗೇಟ್‌ವುಡ್ ಅಜ್ಜಿ ಕಥೆ ಹೇಳಿದ. 1955ರಲ್ಲಿ, 67ನೇ ವಯಸ್ಸಲ್ಲಿ, ಆ ಅಜ್ಜಿ ಮನೇಲಿ ಸುಮ್ಮನೆ ಒಂದು ಸುತ್ತು ನಡೆದು ಬರ್ತೀನಿ ಅಂತ ಹೇಳಿ ಹೊರಟು ಇಡೀ ಹಾದಿ ಒಬ್ಬಳೇ ನಡೆದಳು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಲ್ಲೇ ಹೊಲಿದ ಚೀಲ, ಮಳೆ ಬಂದ್ರೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. "ಅಜ್ಜಿಗೆ ಅಷ್ಟು ಸಾಕಾಯ್ತು, ನಮಗೇನು ದಾಡಿ?" ಅಂದ. ಆಗ ಸಾಗರದ ಅಕ್ಕ ಅವನ ಬ್ಯಾಗನ್ನ ಪೂರ್ತಿ ಕೆಳಗೆ ಸುರಿದ್ರು. ಸ್ಟವ್ ಇಲ್ಲ. ಫಿಲ್ಟರ್ ಇಲ್ಲ. ಔಷಧಿ ಇಲ್ಲ. ಹಗ್ಗ ಇಲ್ಲ.

"ಅಜ್ಜಿ ಯಾರ ಸ್ಟವ್ವನ್ನೂ ನಂಬಿಕೊಂಡು ಹೋಗಲಿಲ್ಲವಲ್ಲ ಮಾರಾಯ," ಅಂದ್ರು. "ನಿನ್ನ ಬ್ಯಾಗ್ ಹಗುರ ಇರೋದು ನಿಂದನ್ನ ನಾವು ಹೊತ್ತಿರೋದ್ರಿಂದ."

ಗ್ಯಾರೇಜು ನಿಶ್ಶಬ್ದ ಆಯ್ತು. ಗುಂಪಲ್ಲಿ ಹೋಗೋರು ಬ್ಯಾಗ್ ತೂಗೋ ರೀತಿಯೇ ಬೇರೆ ಅಂತ ಅವತ್ತು ಗೊತ್ತಾಯ್ತು. ಎಲ್ಲರಿಗೂ ಬೇಕಾದ್ದನ್ನೆಲ್ಲ ನೆಲದ ಮೇಲೆ ಒಂದೇ ರಾಶಿ ಹಾಕಿದ್ವಿ. ಎರಡು ಸ್ಟವ್, ಗ್ಯಾಸಿನ ಡಬ್ಬಿ, ಎರಡು ಪಾತ್ರೆ, ಎರಡು ಫಿಲ್ಟರ್, ಹಗ್ಗ, ಔಷಧಿ ಚೀಲ, ಮಣ್ಣು ತೋಡೋ ಕರಣೆ. ಅವರವರ ಮೈತೂಕ ನೋಡಿ ಹಂಚಿದ್ವಿ. ಅಕ್ಕ ಇದ್ದದ್ದೇ 110 ಪೌಂಡ್. ಅವರ ಪಾಲು 22 ಪೌಂಡಿಗೆ ಮುಗೀಬೇಕು, ಅದರಲ್ಲೇ ಅವರ ನೀರೂ ಸೇರಬೇಕು. ಲೀಟರ್ ನೀರು ಅಂದ್ರೆ ಒಂದು ಕಿಲೋ. ಹಾಗಾಗಿ ಅವರಿಗೆ ಬಂದದ್ದು ಹಗ್ಗ ಮಾತ್ರ. ದಾವಣಗೆರೆ ಹುಡುಗನಿಗೆ ಸ್ಟವ್, ಪಾತ್ರೆ, ಗ್ಯಾಸು ಮೂರೂ ಬಿತ್ತು. ಮುಖ ಸಪ್ಪಗಾಯ್ತು, ಆದ್ರೆ ಹೊತ್ತ.

ಅಡುಗೆ ಜವಾಬ್ದಾರಿ ಮಂಗಳೂರು ಹುಡುಗನದು. ಅಂಗಡಿಯ ರೆಡಿಮೇಡ್ ಪ್ಯಾಕೆಟ್ಟುಗಳನ್ನ ಅವನು ಹತ್ತಿರ ಸೇರಿಸಲಿಲ್ಲ. ಬಿಸಿ ಮಾಡಿ ತಿನ್ನೋ ಪಾಲಕ್, ರಾಜ್ಮಾ ಪ್ಯಾಕೆಟ್ಟಲ್ಲಿ ನೀವು ಹೊರೋದು ಹೆಚ್ಚಾಗಿ ನೀರೇ. ಒಬ್ಬರಿಗೆ ದಿನಕ್ಕೆ ಒಂದೂವರೆಯಿಂದ ಎರಡು ಪೌಂಡ್ ಒಣ ಆಹಾರ ಬೇಕು, ಅದಕ್ಕಿಂತ ಗ್ರಾಮೂ ಹೆಚ್ಚು ಬೇಡ. ಡಿಹೈಡ್ರೇಟರ್ ಬಾಡಿಗೆಗೆ ತಂದು ಬಿಸಿಬೇಳೆಬಾತ್ ಮಾಡಿ ತಟ್ಟೆ ತಟ್ಟೆ ಒಣಗಿಸಿದ. ಅದಕ್ಕೆ ತುಪ್ಪ, ಎಣ್ಣೆ ಹಾಕಲೇ ಇಲ್ಲ. ನೀರು ಆರುತ್ತೆ, ಜಿಡ್ಡು ಆರಲ್ಲ, ಆಮೇಲೆ ಕಮಟು ಹಿಡಿಯುತ್ತೆ. ತುಪ್ಪಾನ ಬೇರೆ ಪುಟ್ಟ ಬಾಟಲಿಗೆ ಹಾಕಿದ. ಬೆಳಗಿಗೆ ಹುರಿಹಿಟ್ಟು, ಬೆಲ್ಲ. ಮಧ್ಯಾಹ್ನಕ್ಕೆ ಗೊಜ್ಜವಲಕ್ಕಿ, ಅದಕ್ಕೆ ತಣ್ಣೀರು ಸಾಕು, ಸ್ಟವ್ ಹಚ್ಚೋದೇ ಬೇಡ. ನಡುವೆ ಬಾಯಾಡಿಸೋಕೆ ಕಡಲೆಬೀಜ, ಕೊಬ್ಬರಿ ಮಿಠಾಯಿ. ರಾತ್ರಿ ಊಟಕ್ಕೆ ಕುದಿಯೋ ನೀರು ಸುರಿದು, ಪೊಟ್ಟಣಾನ ಉಣ್ಣೆ ಟೋಪಿಯಲ್ಲಿ ಸುತ್ತಿ ಇಟ್ಟು, ಕಾಲು ಗಂಟೆ ಕಾಯೋದು. ಮೊದಲ ಪ್ರಯೋಗದಲ್ಲಿ ಬೇಳೆ ಗಟ್ಟಿ ಉಳೀತು. ಎರಡನೇ ಸಲ ಬೇಳೆಯನ್ನ ಮೊದಲೇ ನುಣ್ಣಗೆ ಬೇಯಿಸಿ ಮಸೆದ, ಸರಿಹೋಯ್ತು.

"ಇಂಗಿನ ವಾಸನೆಗೆ ಕರಡಿ ಬರುತ್ತಾ, ಓಡುತ್ತಾ?" ಅನ್ನೋದು ಭಾವನ ಚಿಂತೆ. ಕರಡಿಗೆ ಇಂಗೂ ಒಂದೇ, ಟೂತ್‌ಪೇಸ್ಟೂ ಒಂದೇ. ವಾಸನೆ ಇರೋದೆಲ್ಲ, ಸೋಪು ಮುಲಾಮು ಸೇರಿ, ಒಂದು ಚೀಲಕ್ಕೆ ಹಾಕಿ, ಟೆಂಟಿಂದ ದೂರ, ನೆಲದಿಂದ 12 ಅಡಿ ಮೇಲೆ, ಕಾಂಡದಿಂದ 6 ಅಡಿ ಆಚೆ ನೇತು ಹಾಕಬೇಕು. ಕೆಲವು ಕಡೆ ಅದಕ್ಕಂತಲೇ ಕಬ್ಬಿಣದ ಕಂಬ ನೆಟ್ಟಿರ್ತಾರೆ, ಇಲ್ಲದ ಕಡೆ ಕೊಂಬೆ ಹುಡುಕಬೇಕು. ಹಿತ್ತಲ ಓಕ್ ಮರಕ್ಕೆ ಹಗ್ಗ ಎಸೆಯೋ ಅಭ್ಯಾಸ ಒಂದಿಡೀ ಸಂಜೆ ನಡೀತು. ಎಲ್ಲರಿಗಿಂತ ಚೆನ್ನಾಗಿ ಎಸೆದವರು ಮಾವ, ಮಾವಿನಕಾಯಿಗೆ ಕಲ್ಲು ಹೊಡೆದ ಕೈ.

ಕರಡಿಗಿಂತ ನಿಜವಾದ ಭಯ ಉಣುಗಿಂದು. ಅಲ್ಲಿ ನಮಗೆಲ್ಲ ಪಾಠ ಹೇಳಿದವರು ಸಾಗರದ ಅಕ್ಕ. ಅವರ ಕಡೆ ಉಣುಗು ಅಂದ್ರೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೆ ಜ್ವರ ಹತ್ತಿದ ಕಥೆ ಕೇಳಿಕೊಂಡೇ ಬೆಳೆದವರು ಅವರು. ಸೊಪ್ಪಿಗೆ, ಕಟ್ಟಿಗೆಗೆ ಕಾಡಿಗೆ ಹೋಗೋರು ಆರೋಗ್ಯ ಇಲಾಖೆ ಕೊಟ್ಟ ಡಿಎಂಪಿ ಎಣ್ಣೆ ಕೈಕಾಲಿಗೆ ಸವರಿಕೊಂಡು ಹೋಗ್ತಿದ್ರು, ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಪೂರ್ತಿ ಒಗೆಯೋದು. ಅಮೆರಿಕದ ಉಣುಗು ತರೋದು ಲೈಮ್ ಅನ್ನೋ ಬೇರೆ ರೋಗ, ಅದು ವೈರಸ್ಸಲ್ಲ, ಬ್ಯಾಕ್ಟೀರಿಯಾ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತೆ, ಕಚ್ಚಿದ್ದು ಗೊತ್ತೇ ಆಗಲ್ಲ. ಅದಕ್ಕೆ ಬಟ್ಟೆ, ಸಾಕ್ಸ್, ಶೂಗಳಿಗೆಲ್ಲ ಪರ್ಮೆಥ್ರಿನ್ ಸಿಂಪಡಿಸಿ ಹಿತ್ತಲ ಹಗ್ಗದ ಮೇಲೆ ಒಣಗಿ ಹಾಕಿದ್ವಿ. ಅದು ಬಟ್ಟೆಗೆ ಮಾತ್ರ, ಮೈಗೆ ಹಚ್ಚೋ ಹಾಗಿಲ್ಲ; ಹಸಿ ಇರೋವಾಗ ಬೆಕ್ಕಿಗಂತೂ ವಿಷ. ಪಕ್ಕದ ಮನೆಯವರಿಗೆ ಹೇಳಿ ಅವರ ಬೆಕ್ಕನ್ನ ಇಡೀ ದಿನ ಒಳಗೆ ಕೂಡಿಸಬೇಕಾಯ್ತು. ರಾತ್ರಿ ಮಲಗೋ ಮುಂಚೆ ಮಂಡಿ ಹಿಂದೆ, ಸೊಂಟದ ಪಟ್ಟಿ ಹತ್ತಿರ, ಕೂದಲ ಬುಡದಲ್ಲಿ ಒಬ್ಬರನ್ನೊಬ್ಬರು ನೋಡಬೇಕು ಅನ್ನೋದನ್ನೂ ಅಕ್ಕನೇ ಶೀಟಿಗೆ ಸೇರಿಸಿದರು.

ಇನ್ನು ಯಾರೂ ಬಾಯಿ ಬಿಟ್ಟು ಕೇಳದ ವಿಷಯ ಒಂದಿತ್ತಲ್ಲ, ಅದನ್ನ ಆ ಹದಿನಾರರ ಹುಡುಗಿ ಬಿಡಿಸಿ ಹೇಳಿದಳು. ಗರ್ಲ್ ಸ್ಕೌಟಲ್ಲಿ ಬೆಳೆದವಳು, ಸಂಕೋಚ ಇಲ್ಲ. ಶೆಲ್ಟರ್ ಹತ್ತಿರ ಪ್ರಿವಿ ಅಂತ ಮರದ ಗೂಡಿರುತ್ತೆ. ಅದಿಲ್ಲದ ಕಡೆ ನೀರಿಂದ, ಹಾದಿಯಿಂದ 200 ಅಡಿ ದೂರ ಹೋಗಿ, ಆರರಿಂದ ಎಂಟು ಇಂಚು ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಬೇಕು. ಹೂವಿನ ಮಡಿಯಲ್ಲೇ ಅಳತೆ ಹಿಡಿದು ತೋರಿಸಿದಳು.

"ನಾವೆಲ್ಲ ಸಣ್ಣೋರಿದ್ದಾಗ ಹೊಳೆ ದಂಡೆಗೇ ಹೋಗ್ತಿದ್ದದ್ದಪ್ಪ," ಅಂದ್ರು ಭಾವ.

"ಅದಕ್ಕೇ ಅಂಕಲ್, ಹೊಳೆ ನೀರಿಗೆ ಫಿಲ್ಟರ್ ಬೇಕಾಗಿರೋದು!"

ಇಷ್ಟೆಲ್ಲ ಆದ ಮೇಲೆ ಏಪ್ರಿಲ್ ಕೊನೆಯ ಒಂದು ಶನಿವಾರ ತುಂಬಿದ ಬ್ಯಾಗ್ ಹೊತ್ತು ಅಭ್ಯಾಸಕ್ಕೆ ಹೋದ್ವಿ. ಗ್ಯಾತ್‌ಲ್ಯಾಂಡಿಂದ ವೆವರ್ಟನ್ ತನಕ, ಆರೇಳು ಮೈಲಿ. ಗ್ಯಾತ್‌ಲ್ಯಾಂಡಲ್ಲಿ ದೊಡ್ಡ ಕಲ್ಲಿನ ಕಮಾನಿದೆ, ಯುದ್ಧದ ಸುದ್ದಿ ಬರೆದ ಪತ್ರಕರ್ತರ ನೆನಪಿಗೆ 1896ರಲ್ಲಿ ಕಟ್ಟಿಸಿದ್ದು. 1862ರ ಸೆಪ್ಟೆಂಬರಲ್ಲಿ ಆ ಬೆಟ್ಟದ ಕಣಿವೆಗಳಿಗಾಗಿಯೇ ಕಾಳಗ ಆಗಿತ್ತು. ಬಿಟ್ಟು ಹೋಗೋಕೆ ಬಂದಿದ್ದ ಮಾವ ಕಮಾನು ನೋಡ್ತಾ ನಿಂತರು. ಸಣ್ಣಗೆ ಮಳೆ ಹಿಡೀತು.

ಮೊದಲ ಗಂಟೆಯಲ್ಲೇ ನಾವು ಎಂಟು ಜನ ಮೂರು ಗುಂಪಾದ್ವಿ. ಹುಡುಗರಿಬ್ಬರೂ ಮುಂದೆ. ಡಾಕ್ಟರಮ್ಮ, ಮಗಳು, ನಮ್ಮನೆಯವರು ನಡುವೆ. ಅಕ್ಕ, ಭಾವ, ನಾನು ಹಿಂದೆ. ಮುಂದಿನವರು ನಡುನಡುವೆ ಬಂಡೆ ಮೇಲೆ ಕೂತು ನಮಗೆ ಕಾಯ್ತಿದ್ರು. ನಾವು ತಲುಪಿದ ತಕ್ಷಣ "ಬಂದ್ರಲ್ಲ, ಹೊರಡೋಣ" ಅಂತ ಏಳ್ತಿದ್ರು. ಎಡ್ ಗಾರ್ವಿ ಅನ್ನೋ ಶೆಲ್ಟರ್ ಹತ್ತಿರ ನೀರು ಕೆಳಗೆಲ್ಲೋ ಇದೆ, ಕಡಿದಾದ ಕವಲುದಾರಿ. ಹುಡುಗರು ಬ್ಯಾಗನ್ನ ಮಳೆಗೆ ಸಿಗದ ಹಾಗೆ ಶೆಲ್ಟರ್ ಒಳಗೆ ತಳ್ಳಿ ಬಾಟಲಿ ಹಿಡಿದು ಇಳಿದ್ರು. ಅಷ್ಟರಲ್ಲಿ ಉಳಿದವರೆಲ್ಲ, ತಲೆ ಮೇಲೆ ಟೋಪಿ ಎಳ್ಕೊಂಡು, ನೆಲ ನೋಡ್ತಾ, ಶೆಲ್ಟರ್ ಕಡೆ ತಿರುಗದೆ ದಾಟಿ ಹೋದ್ವಿ. ಮುಂದಿದ್ದವರು ಹಿಂದಾದ್ರು. ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಹುಡುಗರು ಮೇಲೆ ಬಂದು ನಮಗಾಗಿ ಕಾದ್ರು, ಕಾದ್ರು. ಅಕ್ಕನಿಗೆ ಏನೋ ಆಗಿದೆ ಅಂತ ಹೆದರಿ ನಮ್ಮನ್ನ ಹುಡುಕ್ಕೊಂಡು ವಾಪಸ್ ಗ್ಯಾತ್‌ಲ್ಯಾಂಡ್ ಕಡೆಗೇ ನಡೆದ್ರು. ನಾವು ವೆವರ್ಟನ್ ತಲುಪಿ, ಹುಡುಗರು ಇಲ್ಲೇ ಎಲ್ಲೋ ಇರಬೇಕು ಅಂತ ಕಾಯ್ತಾ ನಡುಗ್ತಾ ನಿಂತ್ವಿ. ಕೊನೆಗೆ ಫೋನಿಗೆ ಸಿಗ್ನಲ್ ಸಿಕ್ಕಿದಾಗ ಅವರು ಶುರು ಮಾಡಿದ ಕಡೆಯ ಕಮಾನಿನ ಕೆಳಗಿದ್ರು!

ಯಾರಿಗೂ ಏನೂ ಆಗಲಿಲ್ಲ. ಆದ್ರೆ ಸಂಜೆ ಮನೇಲಿ ಚಿತ್ರಾನ್ನದ ತಟ್ಟೆ ಹಿಡಿದಿದ್ದಾಗ, ಯಾವತ್ತೂ ಧ್ವನಿ ಏರಿಸದ ಸಾಗರದ ಅಕ್ಕ ಏರಿಸಿದ್ರು. ತಪ್ಪಿಸ್ಕೊಂಡಿದ್ದಕ್ಕಲ್ಲ.

"ನೀವು ಪ್ರತಿ ಸಲ ಹದಿನೈದು ನಿಮಿಷ ಕೂತ್ರಿ. ನಾನು ಬಂದ ಕೂಡ್ಲೇ ಎದ್ರಿ. ಬೆಳಿಗ್ಗೆಯಿಂದ ಸಂಜೆ ತನಕ ನಾನು ಒಂದು ಸಲವೂ ಕೂರಲಿಲ್ಲ. ನಿಧಾನ ನಡೆಯೋಳಿಗೇ ವಿಶ್ರಾಂತಿ ಇಲ್ಲ ಅಂದ್ರೆ ಇದೆಂಥ ನ್ಯಾಯ?"

ಯಾರ ಹತ್ರಾನೂ ಉತ್ತರ ಇರಲಿಲ್ಲ. ಮಾವ ಆಗ ಹೇಳಿದರು. ಅವರ ಪಾದಯಾತ್ರೇಲಿ ಸಾಮಾನೆಲ್ಲ ಟೆಂಪೋದಲ್ಲಿ ಹೋಗುತ್ತೆ. ದಾರಿ ಉದ್ದಕ್ಕೂ ಊರವರು ಮಜ್ಜಿಗೆ, ಪಾನಕ, ಕಲ್ಲಂಗಡಿ, ಊಟ ಹಿಡ್ಕೊಂಡು ನಿಂತಿರ್ತಾರೆ. ಯಾರೂ ಸ್ಟವ್ ಹೊರಲ್ಲ, ಗುಂಡಿ ತೋಡಲ್ಲ. "ನಿಮ್ಮ ಅರ್ಧ ಕಷ್ಟ ನಮಗಿಲ್ಲ. ಆದ್ರೆ ನಮ್ಮಲ್ಲಿ ಹೊರಡೋ ಮುಂಚೆ ಕೊನೇಲಿ ನಡೆಯೋನ್ನ ಗೊತ್ತು ಮಾಡ್ತೀವಿ. ಅವನ ಹಿಂದೆ ನಮ್ಮೋರು ಯಾರೂ ಇರಕೂಡದು."

"ಹಾಗಾದ್ರೆ ನಾನೇ ಕೊನೇಲಿ ಇರ್ತೀನಿ, ಹೇಗೂ ಹಿಂದೇ ಇರೋಳು," ಅಂದ್ರು ಅಕ್ಕ.

"ಬ್ಯಾಡ್ರೀ," ಅಂದ್ರು ಡಾಕ್ಟರಮ್ಮ. "ದಣಿದವ್ರು ಕೊನೀಗೆ ಇದ್ರ ದಣಿದವ್ರನ್ನ ನೋಡೋವ್ರು ಯಾರು? ಉಸಿರು ಉಳಿದಿರೋ ಮನಿಶ್ಯಾ ಬೇಕು ಅಲ್ಲಿ."

ಎಲ್ಲರ ಕಣ್ಣೂ ದಾವಣಗೆರೆ ಹುಡುಗನ ಮೇಲೆ ಹೋಯ್ತು.

ಶೀಟು ಮತ್ತೆ ತೆರೀತು. ಅವತ್ತು ಬರೆದ ಕಟ್ಟಳೆಗಳು ಇವತ್ತಿಗೂ ನಮ್ಮಲ್ಲಿ ಬದಲಾಗಿಲ್ಲ. ಮುಂದೆ ನಡೆಯೋದು ಅಕ್ಕ, ಅವರ ನಡಿಗೆಯೇ ಗುಂಪಿನ ನಡಿಗೆ. ಅವರ ಹಿಂದೆಯೇ ನಕ್ಷೆ ಹಿಡಿದ ಹುಡುಗಿ. ಕೊನೇಲಿ ಓಟಗಾರ, ಔಷಧಿ ಚೀಲವೂ ಅವನ ಹತ್ರವೇ, ಯಾಕಂದ್ರೆ ತೊಂದರೆ ಆದವರು ಯಾವಾಗಲೂ ಹಿಂದೆ ಬೀಳ್ತಾರೆ, ಮುಂದೆ ಹೋದ ಔಷಧಿಯಿಂದ ಅವರಿಗೆ ಉಪಯೋಗ ಇಲ್ಲ. ಪ್ರತಿ ರಸ್ತೆಗೂ ಪ್ರತಿ ಕವಲಿಗೂ ಎಂಟೂ ತಲೆ ಎಣಿಸಿಯೇ ಮುಂದೆ ಹೋಗೋದು. ವಿಶ್ರಾಂತಿ ಶುರುವಾಗೋದು ಕೊನೆಯವರು ಕೂತ ಮೇಲೆ, ಅಲ್ಲಿಂದ ಹತ್ತು ನಿಮಿಷ. ನೀರಿಗೋ ಬಯಲಿಗೋ ಹಾದಿ ಬಿಟ್ಟು ಇಳಿಯೋರು ಬ್ಯಾಗನ್ನ ಹಾದಿ ಪಕ್ಕದಲ್ಲೇ ಎದ್ದು ಕಾಣೋ ಹಾಗೆ ಇಡಬೇಕು. ಕೊನೆಯದನ್ನ ಭಾವ ಸೇರಿಸಿದರು: ಯಾವುದೇ ರಸ್ತೇಲಿ ಯಾರಾದ್ರೂ ಸಾಕು ಅಂದ್ರೆ ಸಾಕು. ಒತ್ತಾಯ ಇಲ್ಲ, ಗೇಲಿ ಇಲ್ಲ, ಫೋನ್ ಮಾಡಿ ಕಾರು ಕರೆಸೋದಷ್ಟೇ. ಮಂಡಿ ಅವರಿಗಾಗಲೇ ಏನೋ ಹೇಳ್ತಿತ್ತು ಅಂತ ಕಾಣುತ್ತೆ.

ಇದಾದ ಮೇಲೆ ನಮ್ಮ ಮೈಲಿ ಲೆಕ್ಕ ಎಲ್ಲ ಕುಗ್ಗಿತು. ಗಂಟೆಗೆ ಎರಡೂವರೆ ಮೈಲಿ ಅಂತ ಬರೆದದ್ದನ್ನ ನಮ್ಮನೆಯವರು ಒಂದೂವರೆ ಅಂತ ತಿದ್ದಿದರು. ಬೆಳಿಗ್ಗೆ ಹೊರಡೋ ಹೊತ್ತು ಹಿಂದಕ್ಕೆ ಬಂತು. ದಾವಣಗೆರೆ ಹುಡುಗ ಎರಡು ದಿನ ಮಾತು ಕಡಿಮೆ ಮಾಡಿದ. ಮೂರನೇ ದಿನ ಫೋನ್ ಮಾಡಿ, "ಅಕ್ಕಾ, ಸಂಜೆ ಹೊತ್ತು ಸಾಗರದ ಅಕ್ಕನ ಜೊತೆ ವಾಕಿಂಗ್ ಹೋಗ್ತಿದೀನಿ, ಅವರ ಹೆಜ್ಜೆಗೆ ಹೆಜ್ಜೆ ಹಾಕೋದು ಕಲೀಬೇಕಲ್ಲ," ಅಂದ. ಓಡೋ ಕಾಲನ್ನ ಹಿಡಿದಿಡೋದು ಓಡೋದಕ್ಕಿಂತ ಕಷ್ಟ ಅಂತಲೂ ಹೇಳಿದ.

ಹೊರಟದ್ದು, ನಡೆದದ್ದು ಬೇಗ ಹೇಳಿ ಮುಗಿಸ್ತೀನಿ. ಪೆನ್‌ಮಾರಿಂದ ಮೊದಲ ದಿನವೇ ಕಲ್ಲು ರಾಶಿ, ಕಾಲಿಟ್ಟ ಕಡೆ ಹೊರಳೋ ಬಂಡೆ. ತಿದ್ದಿದ ಲೆಕ್ಕಕ್ಕಿಂತಲೂ ನಿಧಾನ ಆಯ್ತು. ಎನ್‌ಸೈನ್ ಕೋವಾಲ್ ತಲುಪೋ ಹೊತ್ತಿಗೆ ಬೆಳಕು ಆರ್ತಾ ಇತ್ತು, ಆದ್ರೆ ಎಂಟೂ ಜನ ಒಟ್ಟಿಗೇ ತಲುಪಿದ್ವಿ. ಶೆಲ್ಟರಲ್ಲಿ ಜಾರ್ಜಿಯಾದಿಂದ ನಡೆದು ಬಂದವರಿದ್ರು. ಅವರಿಗೆ ಬಿಸಿಬೇಳೆಬಾತಿನ ಘಮ ಹೋಗಿ, ನಮ್ಮ ಪೊಟ್ಟಣ ಒಂದು ಕಡಿಮೆಯಾಯ್ತು. ಅನಾಪೊಲಿಸ್ ರಾಕಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಬಂಡೆ ಮೇಲೆ ಕೂತು ಕೆಳಗಿನ ಕೆರೆ, ಹೊಲ ನೋಡಿದ್ವಿ.

ಮರುದಿನ ಹೈವೇ 40 ಹತ್ತಿರ ಭಾವ ನಿಂತರು. ಮಂಡಿ ಊದಿತ್ತು. "ಸಾಕು" ಅಂದ್ರು. ಬರೆದಿಟ್ಟ ಕಟ್ಟಳೆ ಅದಾಗಿದ್ರಿಂದ ಅವರು ನಾಚಬೇಕಾಗಲಿಲ್ಲ, ನಾವು ಸಮಾಧಾನ ಹೇಳಬೇಕಾಗಲಿಲ್ಲ. ಪಕ್ಕದ ಮನೆಯವರು ವ್ಯಾನ್ ತಂದ್ರು. ಮುಂದಿನ ಸೀಟಿಂದ ಮಾವ ಇಳಿದರು, ಕೈಯಲ್ಲಿ ಐಸ್ ಡಬ್ಬಿ. ಕರಿಬೇವು, ಶುಂಠಿ ಹಾಕಿದ ಮಜ್ಜಿಗೆ. ನಮಗೆ ಕೊಟ್ಟು ಸುಮ್ಮನಾಗಲಿಲ್ಲ, ಆ ಹೊತ್ತಿಗೆ ಹಾದಿಯಲ್ಲಿ ಬಂದ ಗಡ್ಡದ ಹುಡುಗರು, ಒಬ್ಬಂಟಿ ಹೆಂಗಸರು, ಎಲ್ಲರನ್ನೂ ನಿಲ್ಲಿಸಿ ಕುಡಿಸಿದರು. ಹಾದಿಯವರು ಇಂಥ ಉಪಚಾರಕ್ಕೆ ಟ್ರೇಲ್ ಮ್ಯಾಜಿಕ್ ಅಂತಾರೆ. ಮಾವನಿಗೆ ಅದು ಶಿವರಾತ್ರಿ ಕೆಲಸ, ಅಷ್ಟೇ. ಖಾಲಿ ಲೋಟಗಳನ್ನ ಒಂದೂ ಬಿಡದೆ ಎಣಿಸಿ ವಾಪಸ್ ಡಬ್ಬಿಗೆ ಹಾಕ್ಕೊಂಡರು.

ಬಾಕಿ ಏಳು ಜನ ಅಂತರರಾಜ್ಯ ಹೆದ್ದಾರಿ 70ರ ಮೇಲಿನ ಕಾಲುಸೇತುವೆ ದಾಟಿ, ಬೂನ್ಸ್‌ಬರೋ ಊರವರು 1827ರಲ್ಲಿ ವಾಷಿಂಗ್ಟನ್ ನೆನಪಿಗೆ ಕೈಯಾರೆ ಕಲ್ಲು ಪೇರಿಸಿದ ಗೋಪುರ ನೋಡಿ, ಡಾಲ್‌ಗ್ರೆನ್‌ನಲ್ಲಿ ಬಿಸಿನೀರು ಸ್ನಾನ ಮಾಡಿದ್ವಿ. ಕಾಡಿನ ನಡುವೆ ಪುಕ್ಕಟೆ ಬಿಸಿನೀರು! ಗ್ಯಾತ್‌ಲ್ಯಾಂಡಿನ ಕಮಾನು ದಾಟುವಾಗ ಹುಡುಗರಿಬ್ಬರೂ ಅತ್ತ ತಿರುಗಿ ನೋಡಲಿಲ್ಲ. ಕೊನೆಯ ಮೂರು ಮೈಲಿ ಹಳೇ ಕಾಲುವೆ ದಂಡೆಯ ಸಪಾಟು ದಾರಿ, ಆಮೇಲೆ ಪೊಟೊಮ್ಯಾಕ್ ಸೇತುವೆ, ಹಾರ್ಪರ್ಸ್ ಫೆರಿ. ಭಾವ ಕೋಲು ಊರಿಕೊಂಡು ಸೇತುವೆಯ ಆಚೆ ತುದೀಲಿ ನಿಂತಿದ್ರು. ಮೊದಲು ದಾಟಿದವರು ಸಾಗರದ ಅಕ್ಕ. ಉಳಿದವರು ಅವರ ಹಿಂದೆ ಸಾಲಾಗಿ. ದಾವಣಗೆರೆ ಹುಡುಗ ಕಾಲಿಟ್ಟ ಮೇಲೇ ಎಲ್ಲರೂ ಕೂತದ್ದು.

ಈಗ ಅದೇ ಹುಡುಗರು ಮುಂದಿನ ತುಂಡು ಶೆನಂಡೋವಾ ನ್ಯಾಷನಲ್ ಪಾರ್ಕ್ ಅಂತ ಕೂತಿದ್ದಾರೆ. ಅಲ್ಲಿ ಟ್ರೇಲ್ 101 ಮೈಲಿ, ಕಾಡಲ್ಲಿ ತಂಗೋಕೆ ಪರ್ಮಿಟ್ ಬೇಕು, ಕರಡಿಗಳೂ ಜಾಸ್ತಿ. ಹೊಸ ಶೀಟು ಮೊನ್ನೆ ಬಂತು. ಈ ಸಲ ಮೊದಲ ಕಾಲಮ್ಮೇ 'ಕೊನೆಯಲ್ಲಿ' ಅಂತ ಇದೆ, ಅದಕ್ಕೆ ಮೂರು ಹೆಸರು ಬಿದ್ದಿವೆ. ಸ್ಟವ್ ಹೊರೋಕೆ ಮಾತ್ರ ಇನ್ನೂ ಯಾರೂ ಒಪ್ಪಿಲ್ಲ.